ಕಿಟ್ ಹಾಕಿದ ಮೇಲೂ ಚೈನ್‌ಸಾ ಸ್ಲೋದಲ್ಲಿ ನಿಲ್ಲುತ್ತಿಲ್ಲ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕು, ಲಿಂಬೆ ತೋಟ ಇದೆ. ಒಣಗಿದ ಗಿಡ ತೆಗೆಯೋದಕ್ಕೆ, ಬದುವಿನ ಜಾಲಿ ಕಡಿಯೋದಕ್ಕೆ ಅಂತ ನಮ್ಮ ಕಾಕಾ ಹದಿನೈದು ವರ್ಷದ ಹಿಂದೆ ತಂದ ಚೈನ್‌ಸಾ ಒಂದಿದೆ. ಎರಡು ವರ್ಷ ಪತ್ರಾ ಶೆಡ್ಡಿನಲ್ಲಿ ಸುಮ್ನೆ ಬಿದ್ದಿತ್ತು. ಸ್ಟಾರ್ಟ್ ಆಗಲಿಲ್ಲ ಅಂತ ಕಾರ್ಬೋರೇಟರ್ ಬಿಚ್ಚಿ ರಿಪೇರಿ ಕಿಟ್ ತಂದು ಡಯಾಫ್ರಮ್ (ತೆಳ್ಳಗಿನ ಪರದೆ), ಪ್ಯಾಕಿಂಗ್, ಪೆಟ್ರೋಲ್ ಬಿಡುವ ನೀಡಲ್ ಎಲ್ಲಾ ಹೊಸದು ಹಾಕಿದೆ. ಈಗ ಸ್ಟಾರ್ಟ್ ಆಗುತ್ತದೆ, ರೇಸ್ ಕೊಟ್ಟರೆ ಓಡುತ್ತದೆ, ರೇಸ್ ಬಿಟ್ಟು ಸ್ಲೋದಲ್ಲಿ ಇಟ್ಟರೆ ಮಾತ್ರ ಓಡುತ್ತಾ ನಿಲ್ಲುವುದಿಲ್ಲ. ಕಾದ ಮೇಲೆ ರೇಸ್ ಬಿಟ್ಟರೂ ಸ್ವಲ್ಪ ಹೊತ್ತು ಜೋರಾಗೇ ಕೂಗಿ ಆಮೇಲೆ ಒಮ್ಮೆಲೇ ಬಂದ್ ಬೀಳುತ್ತದೆ. ಸ್ಲೋ ಸ್ಕ್ರೂ ಒಳಗೆ ತಿರುವಿದರೆ ಬಂದ್ ಆಗಲ್ಲ, ಆದರೆ ಚೈನ್ ತಿರುಗುತ್ತಲೇ ಇರುತ್ತದೆ. ಮೂರೂ ಸ್ಕ್ರೂ ತಿರುವಿ ತಿರುವಿ ಯಾವುದು ಎಲ್ಲಿತ್ತು ಅನ್ನೋದೇ ಮರೆತುಹೋಗಿದೆ. ಏನು ಮಾಡಲಿ?

ಉತ್ತರ: ಮೊದಲು ಆ ಸ್ಕ್ರೂಡ್ರೈವರ್ ಕೆಳಗಿಡಿ. ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಮಾತು ಒಂದೇ, ರೇಸ್ ಬಿಟ್ಟರೂ ಸ್ವಲ್ಪ ಹೊತ್ತು ಕೂಗುತ್ತದೆ ಅಂದಿರಲ್ಲ, ಅದು. ಹಾಗೆ ಕೂಗುವ ಇಂಜಿನ್‌ಗೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಹೋಗುತ್ತಿದೆ ಅಂತ ಅರ್ಥ. ಸ್ಕ್ರೂ ತಪ್ಪಾಗಿದ್ದರೂ ಹೀಗಾಗುತ್ತದೆ, ಬೇರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದ್ದರೂ ಹೀಗೇ ಆಗುತ್ತದೆ. ಗಾಳಿ ನುಗ್ಗುತ್ತಿರುವ ಮಷಿನ್ನನ್ನು ಸ್ಕ್ರೂ ತಿರುವಿ ಸರಿ ಮಾಡಲು ಹೋದರೆ ಇವತ್ತು ನಿಂತ ಹಾಗೆ ಕಾಣುತ್ತದೆ, ನಾಳೆ ಮತ್ತೆ ಅದೇ ರಾಗ. ಅಷ್ಟೇ ಆದರೆ ಚಿಂತೆಯಿಲ್ಲ, ಆದರೆ ಟೂ ಸ್ಟ್ರೋಕ್ ಇಂಜಿನ್‌ಗೆ ಆಯಿಲ್ ಹೋಗುವುದೇ ಪೆಟ್ರೋಲ್ ಜೊತೆಗೆ. ಪೆಟ್ರೋಲ್ ಕಡಿಮೆ ಆದರೆ ಆಯಿಲ್ಲೂ ಕಡಿಮೆ, ಪಿಸ್ಟನ್ ಗೀಚಿಕೊಂಡು ಜಾಮ್ ಆಗುತ್ತದೆ. ಆಮೇಲೆ ಕಿಟ್ಟಿನ ಖರ್ಚು ನೆನೆಸಿಕೊಂಡು ನಗಬೇಕಾಗುತ್ತದೆ.

ಹಾಗಾಗಿ ಕಾರ್ಬೋರೇಟರ್ ಬಿಟ್ಟು ಅದರ ಹಿಂದೆ ಇರುವುದನ್ನು ನೋಡಿ. ಕಾರ್ಬೋರೇಟರ್‌ಗೂ ಸಿಲಿಂಡರ್‌ಗೂ ನಡುವೆ ಒಂದು ಕಪ್ಪು ರಬ್ಬರ್ ಇರುತ್ತದೆ, ಇಂಟೇಕ್ ರಬ್ಬರ್. ಹಿಂದೊಮ್ಮೆ ಸಿಂದಗಿ ಕಡೆಯವರೊಬ್ಬರ ಮಷಿನ್ ನನ್ನ ಹತ್ತಿರ ಬಂದಿತ್ತು, ನಿಮ್ಮದೇ ಕಥೆ, ಎರಡು ಸಲ ಕಿಟ್ ಹಾಕಿಸಿದ್ದರು. ನಾನೂ ಒಂದು ಇಡೀ ದಿನ ಸ್ಕ್ರೂ ತಿರುವಿದವನೇ, ಅದನ್ನು ಮುಚ್ಚಿಡುವುದೇನು. ಸಂಜೆ ಸಾಕಾಗಿ ಎಲ್ಲಾ ಬಿಚ್ಚಿದೆ. ರಬ್ಬರ್ ನೋಡಲು ಹೊಸದರ ಹಾಗೆ ಹೊಳೆಯುತ್ತಿತ್ತು. ಬೆರಳು ಒಳಗೆ ಹಾಕಿ ಮಡಚಿದೆ ನೋಡಿ, ಕೆಳಗಿನ ಮಡಿಕೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು, ಮಡಚಿದಾಗ ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ತಣ್ಣಗಿದ್ದಾಗ ಮುಚ್ಚಿರುತ್ತದೆ, ಇಂಜಿನ್ ಕಾದು ರಬ್ಬರ್ ಮೆತ್ತಗಾಗಿ ನಡುಗಲು ಶುರುವಾದ ಕೂಡಲೇ ತೆರೆದುಕೊಳ್ಳುತ್ತದೆ. ನಿಮ್ಮದು ತಣ್ಣಗಿದ್ದಾಗ ಸುಮ್ಮನಿದ್ದು ಕಾದ ಮೇಲೆ ಕೂಗುತ್ತದೆ ಅಂದಾಗ ನನಗೆ ಆ ರಬ್ಬರ್ರೇ ನೆನಪಾಯಿತು.

ಬಿಚ್ಚುವ ಮುಂಚೆ ಪರೀಕ್ಷೆ ಮಾಡಬೇಕು ಅಂದರೆ, ಮಷಿನ್ ತಣ್ಣಗಿರುವಾಗ ರಬ್ಬರ್ ಸುತ್ತ, ಕ್ಲಿಪ್ ಹತ್ತಿರ, ಕೈಗೆ ಸಿಗುವ ಕಡೆಯೆಲ್ಲ ಗ್ರೀಸ್ ದಪ್ಪಗೆ ಸವರಿ. ಸ್ಟಾರ್ಟ್ ಮಾಡಿ ಕಾಯಿಸಿ. ಕೂಗುವುದು ನಿಂತರೆ ಅಥವಾ ಕಡಿಮೆಯಾದರೆ ಕಳ್ಳ ಸಿಕ್ಕಿದ ಹಾಗೆ. ಪೆಟ್ರೋಲ್ ಚಿಮುಕಿಸಿ ನೋಡುವವರೂ ಇದ್ದಾರೆ, ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಆ ಆಟ ಬೇಡ. ರಬ್ಬರ್ ಚೆನ್ನಾಗಿದ್ದರೆ ಮುಂದಿನ ಅನುಮಾನ ಕ್ರ್ಯಾಂಕ್‌ನ (ಪಿಸ್ಟನ್ ತಿರುಗಿಸುವ ದಂಡ) ಎರಡೂ ಕಡೆ ಇರುವ ಆಯಿಲ್ ಸೀಲ್ ಮೇಲೆ. ಹಳೇ ಮಷಿನ್, ಎರಡು ವರ್ಷ ಬಿಸಿಲಿಗೆ ಕಾಯುವ ಪತ್ರಾ ಕೆಳಗೆ ಒಣಗಿದೆ, ಸೀಲಿನ ತುಟಿ ಗಟ್ಟಿಯಾಗಿರಬಹುದು. ಸ್ಲೋದಲ್ಲಿ ಇಟ್ಟುಕೊಂಡು ಮಷಿನ್ನನ್ನು ಎಡಕ್ಕೆ, ಬಲಕ್ಕೆ, ಮೂತಿ ಕೆಳಗೆ ಮಾಡಿ ವಾಲಿಸಿ ನೋಡಿ. ಒಂದು ಕಡೆ ವಾಲಿಸಿದಾಗ ಮಾತ್ರ ಸದ್ದು ಬದಲಾದರೆ ಸೀಲ್ ಅಥವಾ ಬೇರಿಂಗ್ ಸಡಿಲ ಇರಬಹುದು. ಸೀಲ್ ಬದಲಿಸುವುದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಕ್ಲಚ್, ಫ್ಲೈವೀಲ್ ಎರಡೂ ಬಿಚ್ಚಬೇಕು, ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಕೊಡಿ.

ಟ್ಯಾಂಕ್ ಕಡೆಯ ಪರೀಕ್ಷೆ ಬೇಗ ಮುಗಿಯುತ್ತದೆ. ಒಳಗಿನ ಫಿಲ್ಟರ್ ಹೊರಗೆಳೆದು ನೋಡಿ, ಕಪ್ಪಾಗಿದ್ದರೆ ಹೊಸದು ಹಾಕಿ. ಪೈಪ್ ಬಗ್ಗಿಸಿ ಬಿರುಕು ನೋಡಿ. ಮಷಿನ್ ಬಂದ್ ಬಿದ್ದ ಕೂಡಲೇ ಮುಚ್ಚಳ ಸಡಿಲ ಮಾಡಿ, ಒಳಗೆ ಗಾಳಿ ಎಳೆದುಕೊಂಡ ಸದ್ದು ಬಂದು ಆಮೇಲೆ ಸರಿಯಾಗಿ ಓಡಿದರೆ ಟ್ಯಾಂಕಿನ ಗಾಳಿ ಕಿಂಡಿ ಕಟ್ಟಿದೆ.

ಇದೆಲ್ಲ ಸರಿ ಇದ್ದರೆ ನೀವು ಮಾಡಿದ ರಿಪೇರಿ ಕಡೆ ಬರೋಣ. ಬೇಜಾರು ಮಾಡಿಕೊಳ್ಳಬೇಡಿ, ಕಿಟ್ ಹಾಕುವಾಗ ಎಲ್ಲರೂ ಎಡವುವುದು ಎರಡೇ ಕಡೆ. ಒಂದು, ಪ್ಯಾಕಿಂಗ್ ಮತ್ತು ಡಯಾಫ್ರಮ್ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು. ಸಾಮಾನ್ಯವಾಗಿ ನೀಡಲ್ ಇರುವ ಕಡೆ ಮೊದಲು ಪ್ಯಾಕಿಂಗ್, ಅದರ ಮೇಲೆ ಡಯಾಫ್ರಮ್, ಆಮೇಲೆ ಮುಚ್ಚಳ. ಪೆಟ್ರೋಲ್ ಎಳೆಯುವ ಪಂಪ್ ಕಡೆ ಉಲ್ಟಾ, ಮೊದಲು ತೆಳ್ಳಗಿನ ಡಯಾಫ್ರಮ್, ಅದರ ಮೇಲೆ ಪ್ಯಾಕಿಂಗ್. ಎರಡು, ನೀಡಲ್ ಎತ್ತುವ ಪುಟ್ಟ ಲಿವರ್. ಅದು ಎಷ್ಟು ಎತ್ತರದಲ್ಲಿ ಇರಬೇಕು ಅನ್ನುವುದು ಕಾರ್ಬೋರೇಟರ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಕೆಲವು ಕಾರ್ಬೋರೇಟರ್‌ಗಳಲ್ಲಿ ಲಿವರ್ ತುದಿ ಅದು ಕೂರುವ ಕೋಣೆಯ ನೆಲಕ್ಕೆ ಸಮ ಇರಬೇಕು, ಕೆಲವಕ್ಕೆ ಅಳತೆಗೆ ಬೇರೆ ಗೇಜ್ ಬರುತ್ತದೆ. ಲಿವರ್ ತಗ್ಗಿದ್ದರೆ ಪೆಟ್ರೋಲ್ ಕಡಿಮೆ, ಎತ್ತರ ಇದ್ದರೆ ಜಾಸ್ತಿಯಾಗಿ ಪ್ಲಗ್ ಒದ್ದೆ. ಹೊಸ ಲಿವರ್ ಹಾಕಿ ಹಳೆಯದರ ಜೊತೆ ಹೋಲಿಸದೇ ಬಿಟ್ಟಿದ್ದರೆ ಅನುಮಾನ ಪಡಲೇಬೇಕು. ಬಗ್ಗಿಸುವಾಗ ನೀಡಲ್ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳಿ.

ನೀಡಲ್ ಸರಿಯಾಗಿ ಕೂತಿದೆಯೇ ಅಂತ ನೋಡಲು ನನ್ನ ಹತ್ತಿರ ಒಂದು ಹಳೇ ಬಿಪಿ ಮಷಿನ್ ಇದೆ, ಡಾಕ್ಟರ್ ಕೈಗೆ ಕಟ್ಟುತ್ತಾರಲ್ಲ, ಅದರದೇ ಬಲ್ಬ್ ಮತ್ತು ಗಡಿಯಾರ. ಪೈಪನ್ನು ಕಾರ್ಬೋರೇಟರ್‌ಗೆ ಪೆಟ್ರೋಲ್ ಬರುವ ಮೂತಿಗೆ ಸಿಕ್ಕಿಸಿ 250ರ ತನಕ ಒತ್ತುತ್ತೇನೆ. ಮುಳ್ಳು ಅಲ್ಲೇ ನಿಂತರೆ ಸರಿ. ಇಳಿಯುತ್ತಾ ಹೋದರೆ ಕಾರ್ಬೋರೇಟರ್ ಅನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿಂದ ಬರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಆಮೇಲೆ ಸ್ಲೋಗೆ ಪೆಟ್ರೋಲ್ ಬರುವ ಸೂಜಿಮೊನೆಯಂಥ ತೂತುಗಳು, ಅವು ಎರಡು ವರ್ಷ ನಿಂತ ಪೆಟ್ರೋಲಿನ ಅಂಟಿನಿಂದ ಕಟ್ಟಿರುತ್ತವೆ. ಕ್ಲೀನರ್ ಹೊಡೆದು ಗಾಳಿ ಊದಿ, ತಂತಿ ಹಾಕಿ ಕೆದಕಬೇಡಿ, ತೂತು ದೊಡ್ಡದಾದರೆ ಕಾರ್ಬೋರೇಟರ್ ಗುಜರಿಗೆ.

ಈಗ ಸ್ಕ್ರೂಡ್ರೈವರ್ ಎತ್ತಿಕೊಳ್ಳಿ. ಎಲ್ ಅಂದರೆ ಸ್ಲೋ ಪೆಟ್ರೋಲ್, ಎಚ್ ಅಂದರೆ ಫುಲ್ ರೇಸಿನ ಪೆಟ್ರೋಲ್, ಎಲ್‌ಎ ಅಥವಾ ಟಿ ಅಂತ ಇರುವುದು ರೇಸ್ ಬಿಟ್ಟಾಗ ಕಾರ್ಬೋರೇಟರ್ ಒಳಗಿನ ಬಾಗಿಲು ಎಷ್ಟು ತೆರೆದಿರಬೇಕು ಅನ್ನುವ ಸ್ಲೋ ಸ್ಕ್ರೂ. ಎಲ್ ಮತ್ತು ಎಚ್ ಎರಡನ್ನೂ ಗಡಿಯಾರದ ದಿಕ್ಕಿಗೆ ಮೆಲ್ಲಗೆ ತಾಗುವ ತನಕ ಒಳಗೆ ತಿರುವಿ, ಬಿಗಿ ಮಾಡಿದರೆ ತುದಿ ಹಾಳಾಗುತ್ತದೆ. ಅಲ್ಲಿಂದ ಒಂದೊಂದು ಸುತ್ತು ಹೊರಗೆ. ಮಷಿನ್ನಿನ ಪುಸ್ತಕ ಇದ್ದರೆ ಅದರ ಲೆಕ್ಕವೇ ಲೆಕ್ಕ. ಏರ್ ಫಿಲ್ಟರ್ ತೊಳೆದು ಒಣಗಿಸಿ, ಹೊಸ ಪೆಟ್ರೋಲ್ ಹಾಕಿ, ಬಾರ್ (ಚೈನ್ ಓಡುವ ಪಟ್ಟಿ), ಚೈನ್ ಕಟ್ಟಿ, ಮಷಿನ್ ನೆಲದ ಮೇಲಿಟ್ಟು ಎರಡು ಮೂರು ನಿಮಿಷ ಕಾಯಿಸಿ. ಆಮೇಲೆ ಎಲ್ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಒಳಗೆ, ಹೊರಗೆ ತಿರುವಿ, ಎಲ್ಲಿ ಸದ್ದು ಅತಿ ಜೋರಾಗುತ್ತದೋ ಆ ಜಾಗ ಹುಡುಕಿ. ಅಲ್ಲಿಂದ ಕಾಲು ಸುತ್ತಿನಷ್ಟು, ಕೆಲವಕ್ಕೆ ಅರೆಕಾಲು ಸುತ್ತೇ ಸಾಕು, ಹೊರಗೆ ಬಿಡಿ. ರೇಸ್ ಫಟ್ ಅಂತ ಕೊಟ್ಟಾಗ ಮುಗ್ಗರಿಸಿದರೆ ಇನ್ನೂ ಕೂದಲೆಳೆಯಷ್ಟು ಹೊರಗೆ. ಕೊನೆಗೆ ಎಲ್‌ಎ ಸ್ಕ್ರೂ ಹೊರಗೆ ತಿರುವುತ್ತಾ ಬನ್ನಿ, ಚೈನ್ ಪೂರ್ತಿ ನಿಂತ ಮೇಲೂ ಸ್ವಲ್ಪ ಹೊರಗೆ ಬಿಡಿ. ಸಾಮಾನ್ಯವಾಗಿ ಸ್ಲೋ ನಿಮಿಷಕ್ಕೆ 2,500ರಿಂದ 3,000 ಸುತ್ತಿನ ಹತ್ತಿರ ಇರುತ್ತದೆ. ಎಚ್ ಸ್ಕ್ರೂ ಮಾತ್ರ ಶೋಕಿಗೆ ಮುಟ್ಟಬೇಡಿ. ಖಾಲಿ ಫುಲ್ ರೇಸಿನಲ್ಲಿ ಸದ್ದು ಸ್ವಲ್ಪ ಗೊರಗೊರ ಅನ್ನಬೇಕು, ಮರಕ್ಕೆ ಹಚ್ಚಿದಾಗ ಶುದ್ಧವಾಗಬೇಕು. ಖಾಲಿಯಲ್ಲೇ ಕೀರಲು ದನಿ ಬಂದರೆ ಹೊರಗೆ ತಿರುವಿ. ಕೆಲವು ಸಣ್ಣ ಮಷಿನ್‌ಗಳಲ್ಲಿ ಎಲ್, ಎಚ್ ಸ್ಕ್ರೂಗಳೇ ಇರಲ್ಲ, ಹೊರಗೆ ಕಾಣುವುದು ಸ್ಲೋ ಸ್ಕ್ರೂ ಒಂದೇ.

ಪ್ರಶ್ನೆ: ಖಾನಾಪುರ ತಾಲ್ಲೂಕಿನಿಂದ. ನನ್ನ ಚೈನ್‌ಸಾ ಸ್ಲೋದಲ್ಲಿ ಚೆನ್ನಾಗಿ ನಿಲ್ಲುತ್ತದೆ, ಸದ್ದೂ ಮೆಲ್ಲಗಿದೆ, ಆದರೂ ಚೈನ್ ನಿಧಾನವಾಗಿ ತಿರುಗುತ್ತದೆ. ಕಾರ್ಬೋರೇಟರ್ ಬಿಚ್ಚಬೇಕಾ?

ಉತ್ತರ: ಬೇಡ. ಕ್ಲಚ್ಚಿನ ಸ್ಪ್ರಿಂಗ್ ಸೋತಿರಬೇಕು, ಇಲ್ಲವೇ ಒಂದು ಮುರಿದಿದೆ. ಡ್ರಮ್ಮಿನ ಬೇರಿಂಗ್ ಒಣಗಿದ್ದರೂ ಹೀಗಾಗುತ್ತದೆ. ಅದು ಸರಿಯಾಗುವ ತನಕ ಮಷಿನ್ ಬಳಸಬೇಡಿ, ಕಾಲ ಹತ್ತಿರ ಇಳಿಬಿಟ್ಟಾಗ ತಿರುಗುವ ಚೈನಿಗೆ ಪ್ಯಾಂಟೂ ಒಂದೇ ತೊಡೆಯೂ ಒಂದೇ.

ಪ್ರಶ್ನೆ: ಮುಧೋಳದಿಂದ. ಪೆಟ್ರೋಲಿಗೆ ಟೂಟಿ (ಟೂ ಸ್ಟ್ರೋಕ್) ಆಯಿಲ್ ಜಾಸ್ತಿ ಹಾಕಿದರೆ ಇಂಜಿನ್‌ಗೆ ಒಳ್ಳೆಯದೇ ಅಲ್ವಾ?

ಉತ್ತರ: ಅಲ್ಲ. ಆಯಿಲ್ ಜಾಸ್ತಿ ಆದಷ್ಟು ಅದೇ ತೂತಿನಲ್ಲಿ ಪೆಟ್ರೋಲ್ ಕಡಿಮೆ ಹೋಗುತ್ತದೆ, ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್ ಜಾಳಿಗೆಗೆ ಕಾರ್ಬನ್ ಕಟ್ಟುತ್ತದೆ. 50ಕ್ಕೆ 1 ಅಂತ ಬರೆದಿದ್ದರೆ ಲೀಟರಿಗೆ 20 ಎಂಎಲ್, 25ಕ್ಕೆ 1 ಅಂದರೆ 40 ಎಂಎಲ್. ಬಾಟಲಿ ಮುಚ್ಚಳದ ಅಂದಾಜು ಬೇಡ, ಮೆಡಿಕಲ್ ಅಂಗಡಿಯ ಸಿರಿಂಜ್ ಸಾಕು. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ತನಕ ಎಥೆನಾಲ್ ಇರುತ್ತದೆ, ಅದು ನೀರು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನೂ ಕೆಡಿಸುತ್ತದೆ. ಹಾಗಾಗಿ ಬೇಕಾದಷ್ಟೇ ಕಲಸಿ. ಕಬ್ಬಿನ ಹಂಗಾಮಿನಲ್ಲಿ ಮಷಿನ್ ತಿಂಗಳಾನುಗಟ್ಟಲೆ ಮುಟ್ಟಲ್ಲ ಅಂದರೆ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನಾಗೇ ಬಂದ್ ಬೀಳುವ ತನಕ ಸ್ಲೋದಲ್ಲಿ ಓಡಿಸಿ ಇಡಿ.