ಪ್ಯಾಸೆಂಜರ್ ನಿಂತ ಹಳಿಯ ಮೇಲೆ ಗೂಡ್ಸ್ ಉಳಿಯುತ್ತದೆಯೇ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದಾಳೆ. ಅಲ್ಲಿಯ ಉಪನಗರ ರೈಲಿನ ಕೆಲವು ಮಾರ್ಗಗಳನ್ನು ಹಣದ ಕೊರತೆಯಿಂದ ಮುಚ್ಚುವ ಮಾತು 2025ರಲ್ಲಿ ಬಂದಿತ್ತಂತೆ. ಪ್ರಯಾಣಿಕರ ತೊಂದರೆ ಯಾರಿಗಾದರೂ ತಿಳಿಯುತ್ತದೆ. ಅದೇ ಹಳಿಯನ್ನು ನಂಬಿದ ಸ್ಥಳೀಯ ಸರಕು ಸಾಗಣೆಯ ಗತಿಯೇನು? ಬೆಂಗಳೂರಿನ ಸುತ್ತಲಿನ ಶಾಖೆಗಳಲ್ಲಿ ಹೀಗಾದರೆ ಏನಾದೀತು?
— ಓದುಗರು, ಮಲ್ಲೇಶ್ವರ

ಉತ್ತರ: ಮಾನ್ಯರೇ, ನಿಮ್ಮ ಪ್ರಶ್ನೆಯಲ್ಲಿ ಗಾಡಿ ನಿಲ್ಲುವುದು ಮತ್ತು ಹಳಿ ಮುಚ್ಚುವುದು ಎಂಬ ಎರಡು ಸಂಗತಿಗಳು ಬೆರೆತಿವೆ. ಸರಕಿನ ಗತಿಯೆಲ್ಲ ಇವೆರಡರ ನಡುವಿನ ವ್ಯತ್ಯಾಸವನ್ನೇ ಅವಲಂಬಿಸಿದೆ.

ಫಿಲಡೆಲ್ಫಿಯಾದ ಸಾರಿಗೆ ಪ್ರಾಧಿಕಾರವಾದ ಸೆಪ್ಟಾ, 21.3 ಕೋಟಿ ಡಾಲರುಗಳ ಕೊರತೆಯನ್ನು ಮುಂದಿಟ್ಟು, ಐದು ರೈಲು ಮಾರ್ಗಗಳ ಸೇವೆಯನ್ನು ನಿಲ್ಲಿಸುವ ಪ್ರಸ್ತಾಪ ಮಾಡಿತ್ತು. ಬಂಡವಾಳ ಕಾಮಗಾರಿಗಳಿಗೆಂದು ಮೀಸಲಿದ್ದ ಹಣವನ್ನು ದಿನನಿತ್ಯದ ಓಡಾಟಕ್ಕೆ ಬಳಸಲು ರಾಜ್ಯ ಸರ್ಕಾರ ಒಪ್ಪಿದ್ದರಿಂದ ಅದು ಸದ್ಯಕ್ಕೆ ತಪ್ಪಿತು. ಆ ಐದರಲ್ಲಿ ಟ್ರೆಂಟನ್, ವಿಲ್ಮಿಂಗ್ಟನ್ ಮತ್ತು ಪಾವೊಲಿ ಕಡೆಯ ಹಳಿಗಳು ದೂರಪ್ರಯಾಣದ ಗಾಡಿಗಳನ್ನು ಓಡಿಸುವ ಆಮ್‌ಟ್ರ್ಯಾಕ್ ಸಂಸ್ಥೆಯವು. ಉಪನಗರ ಗಾಡಿ ನಿಂತರೂ ಅಲ್ಲಿ ಹಳಿಯ ಆರೈಕೆ ನಿಲ್ಲುವುದಿಲ್ಲ, ಸರಕಿಗೂ ದೊಡ್ಡ ಆತಂಕವಿಲ್ಲ. ಸ್ಥಳೀಯ ಪ್ರಾಧಿಕಾರವೇ ಒಡೆತನ ಹೊಂದಿದ್ದು, ಬೇರೊಂದು ಸರಕು ಕಂಪನಿ ಬಾಡಿಗೆ ಕೊಟ್ಟು ವಾರಕ್ಕೆ ಒಂದೆರಡು ಬಾರಿ ಬಂದು ಹೋಗುವಂಥ ಶಾಖೆಯಲ್ಲಿ ಮಾತ್ರ ಆತಂಕ ನಿಜವಾದದ್ದು. ಹಳಿಯ ಅಡಿಯಲ್ಲಿ ಅಡ್ಡಲಾಗಿ ಹಾಕಿದ, ಮಳೆಗೆ ಕೊಳೆಯುವ ಮರದ ಸ್ಲೀಪರು ದಿನಕ್ಕೆ ನಲವತ್ತು ಗಾಡಿ ಹೋದರೂ ಕೊಳೆಯುತ್ತದೆ, ಒಂದೇ ಹೋದರೂ ಕೊಳೆಯುತ್ತದೆ. ಸೇತುವೆ, ಮೋರಿ, ಲೆವೆಲ್ ಕ್ರಾಸಿಂಗ್‌ಗಳ ಖರ್ಚೂ ಹಾಗೆಯೇ. ಅದುವರೆಗೆ ಪ್ರಯಾಣಿಕರ ಹೆಸರಿನಲ್ಲಿ ಭರಿಸುತ್ತಿದ್ದ ಈ ಖರ್ಚು, ಪ್ರಯಾಣಿಕರ ಗಾಡಿ ಹೋದ ದಿನದಿಂದ, ಮರದ ಅಡ್ಡೆಗೋ ಪಶು ಆಹಾರದ ಗಿರಣಿಗೋ ಬರುವ ಬೆರಳೆಣಿಕೆಯ ವ್ಯಾಗನ್‌ಗಳ ತಲೆಯ ಮೇಲೆ ಬೀಳುತ್ತದೆ. ಮೊದಲು ಆರೈಕೆ ಕಡಿಮೆಯಾಗುತ್ತದೆ, ಬಳಿಕ ವೇಗ ಇಳಿಯುತ್ತದೆ. ಅಲ್ಲಿಯ ಸುರಕ್ಷತಾ ನಿಯಮದಲ್ಲಿ ಒಂದನೇ ದರ್ಜೆಯ, ಅಂದರೆ ಶ್ರೇಣಿಯಲ್ಲಿ ಕೆಳಗಿನ, ಹಳಿಯ ಮೇಲೆ ಗೂಡ್ಸ್ ಗಾಡಿ ಗಂಟೆಗೆ 10 ಮೈಲಿ, ಅಂದರೆ ಸುಮಾರು 16 ಕಿಲೋಮೀಟರು ಮೀರುವಂತಿಲ್ಲ. ಆ ಹೊತ್ತಿಗೆ ಗಿರಣಿಯವನು ಲಾರಿಯ ಲೆಕ್ಕ ಹಾಕಲು ಶುರುಮಾಡಿರುತ್ತಾನೆ.

ಪ್ರಯಾಣಿಕರ ಸೇವೆ ನಿಂತ ಮಾತ್ರಕ್ಕೆ ಸರಕು ಕಂಪನಿಯ ಹೊಣೆ ಅಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಮಾರ್ಗವನ್ನು ಕೈಬಿಡಲು ಅದು ಕೇಂದ್ರದ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಬೇಕು. ನೆರೆಯ ನ್ಯೂಜೆರ್ಸಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ: ಕ್ಯಾಮ್ಡೆನ್ ಮತ್ತು ಟ್ರೆಂಟನ್ ನಡುವಿನ ಹಳೆಯ ಸರಕು ಮಾರ್ಗದಲ್ಲಿ 2004ರಿಂದ ಹಗಲು ಪ್ರಯಾಣಿಕರ ಗಾಡಿ, ರಾತ್ರಿ ಗೂಡ್ಸ್ ಓಡುತ್ತಿವೆ. ಹೊಸದಾಗಿ ಬಂದ ಪ್ರಯಾಣಿಕರಿಂದ ಅಲ್ಲಿಯ ಸರಕಿಗೂ ಒಳ್ಳೆಯ ಹಳಿ ಸಿಕ್ಕಿತು.

ಇನ್ನು ನಮ್ಮ ಕಡೆಗೆ ಬರೋಣ. ಇಲ್ಲಿ ಹಳಿಯೂ ಗಾಡಿಯೂ ಒಂದೇ ಇಲಾಖೆಯವು. ಸರಕು ಹೋಗುವುದು ರೇಕ್ ಲೆಕ್ಕದಲ್ಲಿ, ಅಂದರೆ ನಲವತ್ತಕ್ಕೂ ಹೆಚ್ಚು ವ್ಯಾಗನ್‌ಗಳಲ್ಲಿ ಎರಡೂವರೆ ಸಾವಿರ ಟನ್ನಿನಷ್ಟು ಮಾಲು ಒಟ್ಟಿಗೆ. ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ, ದೇವನಗೊಂದಿಯ ತೈಲ ಡಿಪೋಗಳು, ತೊಂಡೇಬಾವಿಯ ಸಿಮೆಂಟ್ ಕಾರ್ಖಾನೆಯಂಥವು ಒಂದು ಪ್ಯಾಸೆಂಜರ್ ರದ್ದಾದರೆ ನಷ್ಟ ಅನುಭವಿಸುವುದಿಲ್ಲ. ಒಂಟಿ ಹಳಿಯ ಮಾರ್ಗದಲ್ಲಿ ಪ್ಯಾಸೆಂಜರ್ ದಾಟಲೆಂದು ಪಕ್ಕದ ಲೂಪ್ ಹಳಿಯಲ್ಲಿ ಕಾಯುವ ಗೂಡ್ಸ್‌ಗೆ ಸ್ವಲ್ಪ ಬೇಗ ಹಾದಿ ಸಿಗಲೂಬಹುದು. ಈ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ.

ಪೆಟ್ಟು ಬೀಳುವುದು ಸಣ್ಣ ವ್ಯಾಪಾರಿಗೆ, ಏಕೆಂದರೆ ಅವನ ಸರಕು ಹೋಗುವುದು ಗೂಡ್ಸ್ ಗಾಡಿಯಲ್ಲಲ್ಲ, ಪ್ರಯಾಣಿಕರ ಗಾಡಿಯ ಲಗೇಜ್ ವ್ಯಾನಿನಲ್ಲಿ. ಸೇವೆಯಲ್ಲಿದ್ದಾಗ ಸಣ್ಣ ನಿಲ್ದಾಣವೊಂದರ ಪಾರ್ಸೆಲ್ ಕೋಣೆಯಲ್ಲಿ ನಾನು ಕೆಲವು ವರ್ಷ ಕುಳಿತಿದ್ದೆ. ಗೋಣಿತಟ್ಟಿನಲ್ಲಿ ಸುತ್ತಿ ದಬ್ಬಳದಿಂದ ಹೊಲಿದ ಮೂಟೆ ಬರುತ್ತಿತ್ತು. ಅದನ್ನು ತೂಗಿ, ಕಪ್ಪು ಬಣ್ಣದಲ್ಲಿ ಅದ್ದಿದ ಕುಂಚದಿಂದ ತಲುಪಬೇಕಾದ ನಿಲ್ದಾಣದ ಅಕ್ಷರಗಳನ್ನು ಬರೆದು, ವ್ಯಾಪಾರಿಯ ಕೈಗೆ ಆರ್.ಆರ್., ಅಂದರೆ ರೈಲ್ವೆ ರಸೀತಿಯ, ಚೀಟಿ ಕೊಡುತ್ತಿದ್ದೆವು. ಗಾಡಿ ನಿಲ್ಲುತ್ತಿದ್ದ ಎರಡು ನಿಮಿಷದಲ್ಲಿ ಹಮಾಲರು ತಳ್ಳುಗಾಡಿಯನ್ನು ಕೊನೆಯ ಬೋಗಿಯ ಬಾಗಿಲಿಗೆ ತಂದು ಎಲ್ಲವನ್ನೂ ಒಳಗೆ ಹಾಕಿ ಮುಗಿಸಬೇಕಿತ್ತು. ಆ ಗಾಡಿಯನ್ನು ವೇಳಾಪಟ್ಟಿಯಿಂದ ತೆಗೆದರೆ ಈ ಮೂಟೆಗೆ ಬೇರೆ ರೈಲಿಲ್ಲ, ಇಡೀ ರೇಕ್ ತುಂಬಿಸುವ ಶಕ್ತಿ ಆ ವ್ಯಾಪಾರಿಗೂ ಇಲ್ಲ. ಹೀಗೆ ಹೋದ ಸರಕು ಯಾವ ಗೂಡ್ಸ್ ಲೆಕ್ಕದಲ್ಲೂ ಕಾಣಿಸುವುದಿಲ್ಲವೆಂಬುದೇ ನನ್ನನ್ನು ಹೆಚ್ಚು ನೋಯಿಸುವ ಸಂಗತಿ.

ಬಂಗಾರಪೇಟೆ–ಮಾರಿಕುಪ್ಪಂ ಶಾಖೆಯನ್ನು ನೋಡಿ. ಚಿನ್ನದ ಗಣಿಗಾಗಿ 1894ರಲ್ಲಿ ತೆರೆದ ಆ ಮಾರ್ಗ, 2001ರಲ್ಲಿ ಗಣಿ ಮುಚ್ಚಿದಾಗಲೇ ಅನಾಥವಾಗಬೇಕಿತ್ತು. ನಸುಕಿನಲ್ಲೆದ್ದು ಬೆಂಗಳೂರಿನ ಕೆಲಸಕ್ಕೆ ಹೊರಡುವ ಕೆ.ಜಿ.ಎಫ್. ಜನರು ಅದನ್ನು ಉಳಿಸಿದ್ದಾರೆ. ಹಳಿ ಪರೀಕ್ಷಿಸುವ ಕೀಮನ್ ಇಂದಿಗೂ ಸುತ್ತಿಗೆ ಹಿಡಿದು ಆ ಹಳಿಯ ಉದ್ದಕ್ಕೂ ನಡೆಯುತ್ತಿದ್ದರೆ ಅದು ಇವರ ಸಲುವಾಗಿ. ಮುಂದೆ ಅಲ್ಲೊಂದು ಕಾರ್ಖಾನೆ ರೈಲಿನಲ್ಲಿ ಮಾಲು ಕಳಿಸಬೇಕೆಂದರೆ ಹಳಿ ಸಿದ್ಧವಾಗಿರುತ್ತದೆ.

ಹಳಿಯೇ ಮುಚ್ಚಿದರೆ ಏನಾಗುತ್ತದೆಂಬುದನ್ನೂ ಕರ್ನಾಟಕ ಕಂಡಿದೆ. ಗೇಜ್ ಪರಿವರ್ತನೆಗೆಂದು, ಅಂದರೆ ಹಳಿಯ ಅಗಲ ಬದಲಿಸಲೆಂದು, 1996ರಲ್ಲಿ ಮುಚ್ಚಿದ ಹಾಸನ–ಮಂಗಳೂರು ಮಾರ್ಗದಲ್ಲಿ ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ನಡುವಿನ ವರ್ಷಗಳಲ್ಲಿ ಆ ಭಾರವನ್ನೆಲ್ಲ ಹೊತ್ತ ಶಿರಾಡಿ ಘಾಟಿಯ ರಸ್ತೆಯ ಸ್ಥಿತಿಯನ್ನು ಆ ದಾರಿಯಲ್ಲಿ ಓಡಾಡಿದವರು ಮರೆತಿರಲಾರರು.

ಪ್ರಶ್ನೆ: ಬೆಂಗಳೂರಿಗೆ ಉಪನಗರ ರೈಲು ಬಂದ ಮೇಲೆ ಗೂಡ್ಸ್‌ಗೆ ಜಾಗ ಉಳಿಯುತ್ತದೆಯೇ?
— ಓದುಗರು, ಯಲಹಂಕ

ಉತ್ತರ: ಕೇಂದ್ರವು 2020ರಲ್ಲಿ ಒಪ್ಪಿಗೆ ನೀಡಿದ 148 ಕಿಲೋಮೀಟರುಗಳ ಯೋಜನೆಯ ನಾಲ್ಕು ಮಾರ್ಗಗಳಿಗೂ ಪ್ರತ್ಯೇಕ ಹಳಿ ಇರುವುದರಿಂದ, ಈಗಿನ ಹಳಿಗಳ ಒತ್ತಡ ಇಳಿಯಬೇಕು. ನೀವು ಗಮನಿಸಬೇಕಾದದ್ದು ನಿಲ್ದಾಣದ ಅಂಗಳವನ್ನು. ಹೊಸ ಪ್ಲಾಟ್‌ಫಾರಂ, ವಾಹನ ನಿಲುಗಡೆಗಳಿಗೆ ಜಾಗ ಬೇಕಾದಾಗ ಮೊದಲು ಕಣ್ಣಿಗೆ ಬೀಳುವುದು ಹುಲ್ಲು ಬೆಳೆದ ಗೂಡ್ಸ್ ಶೆಡ್ಡಿನ ಸೈಡಿಂಗು, ಅಂದರೆ ಮಾಲು ತುಂಬಲು ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ. ಲಾರಿ ಬಂದು ನಿಲ್ಲುವ ಕಟ್ಟೆಯೂ ಆ ಸೈಡಿಂಗೂ ಹೋದರೆ, ಮುಖ್ಯ ಹಳಿ ಎಷ್ಟೇ ಖಾಲಿಯಿದ್ದರೂ ಆ ಊರಿನ ಸರಕು ರೈಲು ಹತ್ತುವುದಿಲ್ಲ. ವಿಭಾಗೀಯ ರೈಲ್ವೆ ಬಳಕೆದಾರರ ಸಲಹಾ ಸಮಿತಿಯಲ್ಲಿ ವರ್ತಕರ ಪ್ರತಿನಿಧಿಗಳೂ ಇರುತ್ತಾರೆ. ನಿಮ್ಮ ನಿಲ್ದಾಣದ ಸೈಡಿಂಗಿನ ವಿಚಾರವನ್ನು, ನಕ್ಷೆ ಅಂತಿಮವಾಗುವ ಮೊದಲೇ, ಅವರ ಮೂಲಕ ಲಿಖಿತವಾಗಿ ಎತ್ತಿಸಿ.