ಕೆಮ್ಮಿದರೆ ಮೂತ್ರ ಸೋರುತ್ತದೆ, ಕೆಗೆಲ್ ಮಾಡಿದರೂ ಕಮ್ಮಿಯಾಗಿಲ್ಲ. ಆಪರೇಷನ್ ಬೇಕಾ?

ಎರಡನೇ ಹೆರಿಗೆಯಾಗಿ ಎಂಟು ತಿಂಗಳಾಯಿತು, ಕೆಮ್ಮಿದರೆ, ಸೀನಿದರೆ, ಮಗುವನ್ನು ಎತ್ತಿಕೊಂಡರೆ ಮೂತ್ರ ಸೋರುತ್ತದೆ, ಸಂಜೆ ಹೊತ್ತಿಗೆ ಕೆಳಗೆ ಏನೋ ಜಾರಿದ ಹಾಗೆ ಭಾರ ಅನ್ನಿಸುತ್ತದೆ, ಎರಡು ವಾರ ಕೆಗೆಲ್ ವ್ಯಾಯಾಮ (ಸೊಂಟದ ತಳದ ಸ್ನಾಯುಗಳನ್ನು ಬಿಗಿ ಮಾಡಿ ಬಿಡುವುದು) ಮಾಡಿದರೂ ಏನೂ ಆಗಲಿಲ್ಲ ಅಂತ ಬರೆದಿದ್ದೀರಿ. ನಾನು ಹೆಂಗಸರ ಈ ತೊಂದರೆಗಳನ್ನೇ ನೋಡುವ ಫಿಸಿಯೋಥೆರಪಿಸ್ಟ್. ಆಪರೇಷನ್ ಮಾತು ಈಗಲೇ ಬೇಡ. ಎರಡು ವಾರ ತೀರಾ ಕಮ್ಮಿ. ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು. ಅದಕ್ಕೂ ಮೊದಲು, ಸರಿಯಾದ ಸ್ನಾಯುವನ್ನೇ ಬಿಗಿ ಮಾಡುತ್ತಿದ್ದೀರಾ ಅಂತ ನೋಡಿಕೊಳ್ಳಬೇಕು. ಹೆಚ್ಚಿನವರು ಎಡವುವುದು ಅಲ್ಲೇ.

ಮುಂದೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಯಿಂದ ಹಿಂದೆ ಬೆನ್ನುಮೂಳೆಯ ತುದಿಯವರೆಗೆ ಸೊಂಟದ ತಳದ ಈ ಸ್ನಾಯುಗಳು ಜೋಲಿಯ ಬಟ್ಟೆಯ ಹಾಗೆ ಹರಡಿಕೊಂಡಿವೆ. ಮೂತ್ರಕೋಶ, ಗರ್ಭಕೋಶ, ಕರುಳಿನ ಕೊನೆಯ ಭಾಗ ಎಲ್ಲಕ್ಕೂ ಇದೇ ಆಸರೆ. ಬಸಿರಿನ ಭಾರಕ್ಕೆ, ಹೆರಿಗೆಯ ಎಳೆತಕ್ಕೆ ಇದು ಸಡಿಲವಾಗುತ್ತದೆ.

ಅಂಗಾತ ಮಲಗಿ, ಮೊಣಕಾಲು ಮಡಚಿ. ನಾಲ್ಕು ಜನರ ನಡುವೆ ಗ್ಯಾಸ್ ಹೋಗದಂತೆ ಹೇಗೆ ಬಿಗಿ ಹಿಡಿಯುತ್ತೀರೋ ಹಾಗೆ ಹಿಂದಿನ ದ್ವಾರವನ್ನು ಬಿಗಿ ಮಾಡಿ. ಆ ಬಿಗಿಯನ್ನು ಮುಂದಕ್ಕೂ ತಂದು, ಒಳಕ್ಕೆ ಮೇಲಕ್ಕೆ ಎಳೆದುಕೊಳ್ಳಿ. ತೊಡೆ, ಕುಂಡಿ ಅಲ್ಲಾಡಬಾರದು. ಉಸಿರು ನಡೀತಾನೇ ಇರಬೇಕು. ಒಮ್ಮೆ ಕೈಗನ್ನಡಿ ಹಿಡಿದು ನೋಡಿ. ಯೋನಿ ಮತ್ತು ಗುದದ ನಡುವಿನ ಚರ್ಮ ಒಳಕ್ಕೆ ಹೋದರೆ ಸರಿ. ಹೊರಕ್ಕೆ ಉಬ್ಬಿದರೆ ನೀವು ಎಳೆಯುತ್ತಿಲ್ಲ, ತಿಣುಕುತ್ತಿದ್ದೀರಿ. ಅದರಿಂದ ಭಾರ ಜಾಸ್ತಿಯೇ ಆಗುತ್ತದೆ.

ಮೊದಲಿಗೆ ಮೂರು ನಾಲ್ಕು ಸೆಕೆಂಡ್ ಹಿಡಿದರೂ ಸಾಕು, ನಿಧಾನಕ್ಕೆ 10 ಸೆಕೆಂಡಿಗೆ ಬನ್ನಿ. ಪ್ರತಿ ಸಲವೂ ಪೂರ್ತಿ ಸಡಿಲ ಬಿಡಿ. ಈ ಬಿಡುವುದನ್ನು ಯಾರೂ ಹೇಳಿಕೊಡುವುದಿಲ್ಲ, ನನಗೆ ಅದೇ ಬೇಸರ. ಒಂದು ಸಲಕ್ಕೆ 8ರಿಂದ 10, ದಿನಕ್ಕೆ 3 ಸಲ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಇನ್ನೊಂದು, ಇವತ್ತಿನಿಂದಲೇ ಶುರು ಮಾಡಿ: ಕೆಮ್ಮು ಬರುವ ಮುಂಚಿನ ಕ್ಷಣದಲ್ಲಿ ಬಿಗಿ ಮಾಡಿ, ಆಮೇಲೆ ಕೆಮ್ಮಿ. ಮಗುವನ್ನು ಎತ್ತುವಾಗಲೂ ಹಾಗೇ, ಮೊದಲು ಬಿಗಿ, ಉಸಿರು ಬಿಡುತ್ತಾ ಎತ್ತಿ. ಸ್ನಾಯು ಬಲವಾಗುವ ಮುಂಚೆಯೇ ಎಷ್ಟೋ ಜನರಿಗೆ ಇದರಿಂದ ಸೋರುವುದು ಕಮ್ಮಿಯಾಗುತ್ತದೆ.

ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಮಾಡಿಕೊಳ್ಳಿ. ದಿನಾ ತಿಣುಕುತ್ತಿದ್ದರೆ ಯಾವ ವ್ಯಾಯಾಮವೂ ನಿಲ್ಲುವುದಿಲ್ಲ. ಕಮೋಡ್ ಆದರೆ ಕಾಲ ಕೆಳಗೆ ಚಿಕ್ಕ ಸ್ಟೂಲ್ ಇಟ್ಟು, ಮುಂದಕ್ಕೆ ಬಾಗಿ ಕೂರಿ. ಸೋರುತ್ತದೆ ಅಂತ ನೀರು ಕುಡಿಯುವುದನ್ನು ಬಿಡಬೇಡಿ, ಮೂತ್ರ ಗಟ್ಟಿಯಾಗಿ ಉರಿ, ಅವಸರ ಎರಡೂ ಹೆಚ್ಚುತ್ತವೆ. ಹಳೇ ಕೆಮ್ಮು, ಜಾಸ್ತಿ ತೂಕ ಇದ್ದರೆ ಅವಕ್ಕೂ ದಾರಿ ನೋಡಿ.

ಸಂಭೋಗದ ವೇಳೆ ನೋವು, ಮೂತ್ರ ಶುರುವಾಗಲು ತಡ, ಈ ಥರ ಏನಾದರೂ ಇದೆಯಾ? ಹಾಗಿದ್ದರೆ ಕೆಗೆಲ್ ನಿಲ್ಲಿಸಿ. ಸ್ನಾಯು ಸಡಿಲವಾಗಿರದೆ ಅತಿ ಬಿಗಿಯಾಗಿರಬಹುದು. ಆಗ ಕಲಿಯಬೇಕಾದ್ದು ಬಿಡುವುದನ್ನು.

ಆ ಭಾರ ಇದೆಯಲ್ಲ, ಅದನ್ನು ಒಮ್ಮೆ ಸ್ತ್ರೀರೋಗ ತಜ್ಞರಿಗೆ ತೋರಿಸಲೇಬೇಕು. ಗರ್ಭಕೋಶವೋ ಮೂತ್ರಕೋಶವೋ ಸ್ವಲ್ಪ ಇಳಿದಿರಬಹುದು. ಇದು ಜೀವಕ್ಕೆ ಅಪಾಯದ ವಿಷಯವಲ್ಲ, ನಾಚಿಕೆಯ ವಿಷಯವಂತೂ ಅಲ್ವೇ ಅಲ್ಲ. ವ್ಯಾಯಾಮ ಸಾಲದಿದ್ದರೆ ಒಳಗೆ ಇಡುವ ಸಿಲಿಕಾನ್ ಉಂಗುರ ಇದೆ, ಪೆಸರಿ ಅಂತಾರೆ. ಅಳತೆ ಸರಿಹೊಂದಿದರೆ ಇಟ್ಟಿರುವುದೇ ಗೊತ್ತಾಗುವುದಿಲ್ಲ. ಮೂತ್ರದಲ್ಲಿ ರಕ್ತ ಬಂದರೆ ಬೇಗ ಡಾಕ್ಟರ್ ಹತ್ತಿರ ಹೋಗಿ. ಮೂತ್ರ ಕಟ್ಟಿಕೊಂಡರೆ, ತೊಡೆಸಂದಿ ಮರಗಟ್ಟಿದರೆ ಅದೇ ದಿನ ಹೋಗಿ, ಕಾಯಬೇಡಿ.

ಇಷ್ಟೆಲ್ಲಾ ಆದಮೇಲೂ ತೊಂದರೆ ಉಳಿದರೆ ಆಪರೇಷನ್ ಇದ್ದೇ ಇದೆ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ, ಸಾಮಾನ್ಯವಾಗಿ ಹೆರಿಗೆಗಳೆಲ್ಲ ಮುಗಿಯುವವರೆಗೆ ಮುಂದೂಡುತ್ತಾರೆ.