ಲಾಗಿನ್ ಆಗುತ್ತದೆ, ಕಡತ ಹೋಗುವುದಿಲ್ಲ

ಪ್ರಶ್ನೆ: ಪುಣೆಯ ಚಿಂಚವಾಡದಲ್ಲಿರುವ ನಮ್ಮ ಕಾರ್ಖಾನೆಯ ಲೆಕ್ಕಪತ್ರದ ಗಣಕದಿಂದ ಮುಂಬಯಿಯ ಅಂಧೇರಿ ಕಚೇರಿಯ ಸರ್ವರ್‌ಗೆ ಎಫ್‌ಟಿಪಿ (ಗಣಕಗಳ ನಡುವೆ ಕಡತ ಸಾಗಿಸುವ ವ್ಯವಸ್ಥೆ) ಮೂಲಕ ಲಾಗಿನ್ ಆಗುತ್ತದೆ, ಆದರೆ ಕಡತಗಳ ಪಟ್ಟಿ ಕಾಣುವ ಮೊದಲೇ ಎಲ್ಲವೂ ಸ್ತಬ್ಧವಾಗುತ್ತದೆ. ಪಾಸ್‌ವರ್ಡ್ ಬದಲಿಸಿದರೂ ಫಲವಿಲ್ಲ.

ಉತ್ತರ: ಲಾಗಿನ್ ಆಗುತ್ತಿದೆಯೆಂದರೆ ಪಾಸ್‌ವರ್ಡ್ ನಿರಪರಾಧಿ. ಎಫ್‌ಟಿಪಿ ಆದೇಶಗಳಿಗೆ 21ನೇ ಪೋರ್ಟನ್ನು (ಸಂಪರ್ಕಕ್ಕಿರುವ ಸಂಖ್ಯೆಯ ಬಾಗಿಲು) ಬಳಸಿ, ಪಟ್ಟಿಗೂ ಕಡತಕ್ಕೂ ಬೇರೊಂದು ಸಂಪರ್ಕವನ್ನು ಬೇಡುತ್ತದೆ. ಆಕ್ಟಿವ್ ವಿಧಾನದಲ್ಲಿ ಅದನ್ನು ಸರ್ವರೇ ನಿಮ್ಮತ್ತ ತೆರೆಯಲು ಯತ್ನಿಸುವುದರಿಂದ, ಕಾರ್ಖಾನೆಯ ಫೈರ್‌ವಾಲ್ (ಸಂಪರ್ಕಗಳನ್ನು ಸೋಸುವ ಕಾವಲು) ಅದನ್ನು ಹೊಸ್ತಿಲಲ್ಲೇ ತಡೆಯುತ್ತಿರಬಹುದು. ಆ ಸಂಪರ್ಕವನ್ನು ನಿಮ್ಮ ಗಣಕವೇ ಸರ್ವರ್‌ನತ್ತ ತೆರೆಯುವ ಪ್ಯಾಸಿವ್ ವಿಧಾನಕ್ಕೆ ಬದಲಿಸಿ, ಸರ್ವರ್‌ನಲ್ಲಿ ಅದರ ಪೋರ್ಟ್‌ಗಳ ವ್ಯಾಪ್ತಿಯನ್ನು ನಿಗದಿಪಡಿಸಿ, ಅಷ್ಟನ್ನು ಮಾತ್ರ ಅಂಧೇರಿಯ ಫೈರ್‌ವಾಲ್‌ನಲ್ಲಿ ತೆರೆಸಿ. ಜಿಪ್ ಕಡತಗಳಿಗೆ, ಒಳಗಿನದನ್ನು ಬದಲಿಸದೆ ಇದ್ದಂತೆಯೇ ಸಾಗಿಸುವ ಬೈನರಿ ವಿಧಾನವೇ ಇರಲಿ. ಎಫ್‌ಟಿಪಿ ಪಾಸ್‌ವರ್ಡನ್ನೂ ಬಯಲಾಗಿಯೇ ಕಳುಹಿಸುವುದರಿಂದ, ಸಾಧ್ಯವಿದ್ದರೆ 22ನೇ ಪೋರ್ಟ್ ಒಂದರಲ್ಲೇ ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಫ್‌ಟಿಪಿಯೇ ಮೇಲೆಂದು ನನ್ನ ಅಭಿಪ್ರಾಯ.